ವುಡ್‌ವಿಂಡ್ ಯುಗಳ ಬರೆಯುವ ಮುನ್ನ: ಯಾವ ಜೋಡಿ, ಯಾಕೆ?

ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್ ಮುಂತಾದ ವುಡ್‌ವಿಂಡ್ (ಊದುವ) ವಾದ್ಯಗಳಲ್ಲಿ ಎರಡಕ್ಕೆ ಮೂರು–ನಾಲ್ಕು ನಿಮಿಷದ ಯುಗಳ ಬರೆಯಲು ಕೂತವರು ಹೆಚ್ಚಾಗಿ ನಾದ ನೋಡಿ ಜೋಡಿ ಆರಿಸುತ್ತಾರೆ. ಫ್ಲೂಟ್ ಇಂಪು, ಓಬೋ ಮನಸ್ಸು ಕಲಕುತ್ತದೆ, ಎರಡೂ ಸೇರಿದರೆ ಚೆಂದ ಎಂಬ ಲೆಕ್ಕ. ಮೊದಲ ಪುಟ ಮುಗಿಯುವುದರೊಳಗೆ ಈ ಲೆಕ್ಕ ಕೈಕೊಡುತ್ತದೆ. ಮಧ್ಯ ಸ್ಥಾಯಿಯಲ್ಲಿ, ಹದವಾದ ಜೋರಿನಲ್ಲಿ ಯಾವ ವಾದ್ಯವಾದರೂ ಚೆನ್ನಾಗಿಯೇ ಕೇಳುತ್ತದೆ. ಜೋಡಿಯ ಬಂಡವಾಳ ಗೊತ್ತಾಗುವುದು ಇಬ್ಬರೂ ಅತಿ ಮೆಲ್ಲಗೆ ಶುರು ಮಾಡಬೇಕಾದಾಗ, ಒಂದೇ ಸ್ವರದ ಮೇಲೆ ಕೂಡಬೇಕಾದಾಗ, ಇಬ್ಬರ ಉಸಿರೂ ಒಟ್ಟಿಗೆ ಮುಗಿದಾಗ. ಇಲ್ಲಿನ ಹೋಲಿಕೆ ಆ ಇಕ್ಕಟ್ಟಿನ ಜಾಗಗಳದ್ದು.

ಅದಕ್ಕೂ ಮುಂಚೆ ಒಂದು ನಿರ್ಧಾರ ಆಗಬೇಕು. ಎರಡು ವಾದ್ಯ ಕೂಡಿ ಒಂದೇ ದೊಡ್ಡ ವಾದ್ಯದಂತೆ ಕೇಳಬೇಕೋ, ಎದುರುಬದುರು ಕೂತ ಇಬ್ಬರು ಮಾತಾಡಿದಂತೆ ಕೇಳಬೇಕೋ? ಕರಗುವ ಜೋಡಿ ಬೇರೆ, ಎದ್ದು ನಿಲ್ಲುವ ಜೋಡಿ ಬೇರೆ. ಇದನ್ನು ತೀರ್ಮಾನಿಸದೆ ಜೋಡಿ ಆರಿಸಿದವರು ಆಮೇಲೆ ಬರವಣಿಗೆಯುದ್ದಕ್ಕೂ ವಾದ್ಯದ ಜೊತೆ ಗುದ್ದಾಡುತ್ತಾರೆ.

ಸ್ವರಗಳ ಹೆಸರಿನ ಬಗ್ಗೆ ಒಂದು ಮಾತು. ಪಿಯಾನೋದ ನಡುವಿನ ಸಿ ಇಲ್ಲಿ ಸಿ4, ಅದರ ಮೇಲಿನ ಸ್ಥಾಯಿಯ ಸಿ ಅಂದರೆ ಸಿ5. ಬೇರೆ ಹೇಳದಿದ್ದರೆ ಇವೆಲ್ಲ ಕಿವಿಗೆ ಕೇಳುವ ಸ್ವರಗಳು, ಕ್ಲಾರಿನೆಟ್ ವಾದಕರ ಕಾಗದದ ಮೇಲೆ ಇರುವಂಥವಲ್ಲ; ಇಲ್ಲಿ ಕ್ಲಾರಿನೆಟ್ ಅಂದರೆ ಸಾಮಾನ್ಯ ಬಿ-ಫ್ಲ್ಯಾಟ್ ವಾದ್ಯ, ಅದು ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಕೇಳುತ್ತದೆ.

ಉಸಿರಿನ ಲೆಕ್ಕ

ಕ್ವಾರ್ಟರ್ ನೋಟ್ (ಇಲ್ಲಿ ಒಂದು ಬಡಿತ) ನಿಮಿಷಕ್ಕೆ 72ರಂತೆ ನಡೆದರೆ ನಾಲ್ಕು ನಿಮಿಷಕ್ಕೆ 288 ಬಡಿತ. ನಾಲ್ಕು ಬಡಿತಕ್ಕೆ ಒಂದು ಬಾರ್ ಆಗುವ 4/4 ತಾಳದಲ್ಲಿ 72 ಬಾರ್. ಇದನ್ನು ಉಸಿರಿಗೆ ಹಂಚಿ ನೋಡಿ. ಫ್ಲೂಟ್ ವಾದಕರು ಮಧ್ಯ ಸ್ಥಾಯಿಯಲ್ಲಿ ಹದವಾಗಿ ಊದಿದರೆ ಸುಮಾರು 10 ಸೆಕೆಂಡ್ ಹಿಡಿಯಬಲ್ಲರು, ಅಂದರೆ ಮೂರು ಬಾರ್. ಅದೇ ಫ್ಲೂಟನ್ನು ಕೆಳಗಿನ ಸ್ವರಗಳಲ್ಲಿ ಜೋರಾಗಿ ಊದಿಸಿದರೆ ಐದಾರು ಸೆಕೆಂಡಿಗೇ ಎದೆ ಖಾಲಿ. ಕ್ಲಾರಿನೆಟ್ 15–20 ಸೆಕೆಂಡ್ ಎಳೆಯುತ್ತದೆ. ಓಬೋ ಸಲೀಸಾಗಿ 25 ದಾಟುತ್ತದೆ. ಬಸೂನ್ ಇವುಗಳ ನಡುವೆ. ಮಂದ್ರದಲ್ಲಿ ಜೋರಾದಷ್ಟೂ ಬೇಗ ಮುಗಿಯುತ್ತದೆ.

ಓಬೋದ್ದು ಉಳಿದವರಿಗಿಂತ ತಿರುಗುಮುರುಗಾದ ಕಷ್ಟ. ಅದರ ರೀಡಿನ (ಬಾಯಲ್ಲಿಟ್ಟು ಊದುವ, ಕಂಪಿಸುವ ಪಟ್ಟಿ) ಸೀಳು ಎಷ್ಟು ಸಣ್ಣದೆಂದರೆ ಗಾಳಿ ಖರ್ಚೇ ಆಗುವುದಿಲ್ಲ. ಬಳಸಿ ಹಳಸಿದ ಗಾಳಿ ಎದೆಯಲ್ಲೇ ಉಳಿಯುತ್ತದೆ. ವಾದಕರು ಮೊದಲು ಅದನ್ನು ಹೊರಗೆ ಬಿಟ್ಟು ಆಮೇಲೆ ಹೊಸದನ್ನು ಎಳೆದುಕೊಳ್ಳಬೇಕು. ಫ್ಲೂಟಿಗೆ ಅರ್ಧ ಬಡಿತದ ಅಲ್ಪವಿರಾಮ ಸಾಕಾಗುವ ಕಡೆ ಓಬೋಗೆ ಪೂರ್ತಿ ಒಂದು ಬಡಿತವಾದರೂ ಬಿಡಿ. ಉದ್ದ ವಾಕ್ಯ ಎಳೆಯುತ್ತದೆ ಎಂದು ಎರಡು ಪುಟ ವಿರಾಮವಿಲ್ಲದೆ ಬರೆದುಕೊಟ್ಟರೆ ಓಬೋದವರ ಮುಖ ಕೆಂಪಾಗುತ್ತದೆ, ತುಟಿ ಸೋಲುತ್ತದೆ, ಶ್ರುತಿ ಜಾರುತ್ತದೆ.

ಯುಗಳದಲ್ಲಿ ಉಸಿರೇ ಅರ್ಧ ರಚನೆ. ಒಬ್ಬರು ಉಸಿರು ತೆಗೆದುಕೊಂಡಾಗ ಉಳಿಯುವುದು ಒಂದೇ ಎಳೆ; ಇಬ್ಬರೂ ಒಟ್ಟಿಗೆ ತೆಗೆದುಕೊಂಡರೆ ಅಲ್ಲಿ ಗುಂಡಿ. ಆ ಗುಂಡಿ ಬೇಕೆಂದೇ ಇಟ್ಟದ್ದಾದರೆ ವಾಕ್ಯದ ಕೊನೆ, ಬೇಡದೆ ಬಂದದ್ದಾದರೆ ತೇಪೆ. ಕರಡಿನಲ್ಲೇ ಇಬ್ಬರ ಉಸಿರಿನ ಜಾಗಗಳಿಗೂ ಪೆನ್ಸಿಲ್ ಗುರುತು ಹಾಕಿ, ಎಲ್ಲಿ ಒಂದರ ಮೇಲೊಂದು ಬೀಳುತ್ತವೆ ನೋಡಿ.

ಒಂದೇ ಬಗೆಯ ಎರಡು ವಾದ್ಯ

ಕರಗುವ ಜೋಡಿ ಬೇಕಾದವರಿಗೆ ಹತ್ತಿರದ ದಾರಿ ಇದು. ಒಂದೇ ನಾದ, ಒಂದೇ ಬಗೆಯ ಶ್ರುತಿಯ ಚಾಳಿ, ಹಾಗಾಗಿ ಏಕಸ್ವರ ನಿಜಕ್ಕೂ ಏಕಸ್ವರವಾಗುತ್ತದೆ. ಎರಡು ಫ್ಲೂಟುಗಳಲ್ಲಿ ಇನ್ನೊಂದು ಲಾಭವಿದೆ: ತಾರ ಸ್ಥಾಯಿಯಲ್ಲಿ ಎರಡೂ ಜೋರಾಗಿ ನುಡಿದಾಗ ಯಾರೂ ಊದದ ಮೂರನೆಯ ಸ್ವರವೊಂದು ಕಿವಿಯಲ್ಲಿ ಗುಂಯ್‌ಗುಡುತ್ತದೆ. ಎರಡು ಕಂಪನಗಳ ವ್ಯತ್ಯಾಸವೇ ಆ ಸ್ವರ. ಸಿ6 (1046.5 ಹರ್ಟ್ಸ್), ಜಿ6 (1568 ಹರ್ಟ್ಸ್) ಹಿಡಿದರೆ ವ್ಯತ್ಯಾಸ 521.5, ಅಂದರೆ ಹೆಚ್ಚುಕಮ್ಮಿ ಸಿ5. ಷಡ್ಜ–ಪಂಚಮ ಆದ್ದರಿಂದ ಇದು ಹೊಂದಿಕೊಂಡಿತು. ಅದೇ ಸಿ6 ಜೊತೆ ಇ6 (1318.5) ಇಟ್ಟರೆ ವ್ಯತ್ಯಾಸ 272, ಇದು ಸಿ4 (261.6) ಅಲ್ಲ, ಅದರ ಮೇಲಿನ ಸಿ-ಶಾರ್ಪ್ (277.2) ಕೂಡ ಅಲ್ಲ, ನಡುವೆ ತೂಗಾಡುವ ಒಂದು ಕಹಿ. ಇ6 ವಾದಕರು ಶ್ರುತಿಯನ್ನು ಕೊಂಚ ತಗ್ಗಿಸಿ ಶುದ್ಧ ಗಾಂಧಾರಕ್ಕೆ ತಂದರೆ ಕೆಳಗಿನ ಸ್ವರ ಸಿ4ಕ್ಕೆ ಕೂರುತ್ತದೆ. ಈ ಪರಿಣಾಮ ನಿಮಗೆ ಬೇಕಿದ್ದರೆ ಸ್ವರಲಿಪಿಯಲ್ಲಿ ಹಾಗೆಂದು ಬರೆಯಿರಿ, ಬೇಡವಾದರೆ ಆ ಎತ್ತರದಲ್ಲಿ ಎರಡು ಫ್ಲೂಟನ್ನು ಜೋರಾಗಿ ಎಳೆಯಬೇಡಿ.

ಈ ಜೋಡಿಯ ಮೋಸ ಇರುವುದು ದಾಟುವಿಕೆಯಲ್ಲಿ. ಮೊದಲನೆಯದು ಕೆಳಗಿಳಿದು ಎರಡನೆಯದು ಮೇಲೇರಿದರೆ ಕಾಗದದ ಮೇಲೆ ಎರಡು ಗೆರೆ ಚೆಂದವಾಗಿ ಹೆಣೆದುಕೊಂಡಿರುತ್ತವೆ. ಕಿವಿಗೆ ಕೇಳುವುದು ಮೇಲೊಂದು, ಕೆಳಗೊಂದು ಗೆರೆ ಅಷ್ಟೇ. ಹೆಣಿಗೆ ಕೇಳಬೇಕಾದರೆ ಇಬ್ಬರನ್ನೂ ಎರಡು ಮೀಟರಾದರೂ ದೂರ ಕೂರಿಸಿ, ಇಲ್ಲವೇ ಒಬ್ಬರಿಗೆ ಕಟ್ಟಿದ (ನಡುವೆ ತಡೆಯದೆ ಕೂಡಿಸಿದ) ಸ್ವರ, ಇನ್ನೊಬ್ಬರಿಗೆ ಬಿಡಿಸಿದ (ನಾಲಿಗೆಯಿಂದ ಬಿಡಿಬಿಡಿಯಾಗಿ ನುಡಿಸಿದ) ಸ್ವರ ಕೊಡಿ.

ಎರಡು ಕ್ಲಾರಿನೆಟ್ ಇವುಗಳಲ್ಲೆಲ್ಲ ಹೆಚ್ಚು ಬಳುಕುವ ಜೋಡಿ. ಇಲ್ಲವೆಂಬಷ್ಟು ಮೆಲ್ಲಗೆ ಶುರುವಾಗಿ ಹಾಗೇ ಕರಗಿಹೋಗುವ ಗುಣ ವುಡ್‌ವಿಂಡ್‌ಗಳಲ್ಲಿ ಇದಕ್ಕಿರುವಷ್ಟು ಬೇರೆಯದಕ್ಕಿಲ್ಲ. ಫ್ರೆಂಚ್ ಸಂಯೋಜಕ ಪುಲಾಂಕ್ 1918ರಲ್ಲಿ ಬರೆದ ಎರಡು ಕ್ಲಾರಿನೆಟ್‌ಗಳ ಸೊನಾಟಾದಲ್ಲಿ ಒಂದು ಬಿ-ಫ್ಲ್ಯಾಟ್ ವಾದ್ಯ, ಇನ್ನೊಂದು ಎ ವಾದ್ಯ. ಅರ್ಧ ಸ್ವರದ ಅಂತರದ ಈ ಜೋಡಣೆಯಿಂದ ಒಬ್ಬರಿಗೆ ಬೆರಳಿಗೆ ತೊಡಕಾಗುವ ಸ್ವರಗಳು ಇನ್ನೊಬ್ಬರಿಗೆ ಸಲೀಸು. ಎರಡು ಓಬೋಗೆ ಬರೆಯುವುದಾದರೆ ಎರಡು ನಿಮಿಷಕ್ಕೆ ನಿಲ್ಲಿಸಿ, ಕಿವಿ ದಣಿಯುತ್ತದೆ. ಎರಡು ಬಸೂನ್ ಆದರೆ ಸಿ3ರಿಂದ ಕೆಳಗೆ ಪಂಚಮಕ್ಕಿಂತ ಚಿಕ್ಕ ಅಂತರ ಇಡಬೇಡಿ, ಬರೀ ಕೆಸರು.

ಫ್ಲೂಟ್ ಮತ್ತು ಕ್ಲಾರಿನೆಟ್

ಹೊಸಬರು ಹೆಚ್ಚು ಆರಿಸುವುದು ಇದನ್ನೇ, ಸರಿಯಾಗಿಯೇ ಆರಿಸುತ್ತಾರೆ. ಫ್ಲೂಟ್ ಸಿ4ರಿಂದ ಸಿ7, ಕ್ಲಾರಿನೆಟ್ ಡಿ3ರಿಂದ ಹೆಚ್ಚುಕಮ್ಮಿ ಅಷ್ಟೇ ಎತ್ತರಕ್ಕೆ. ಎರಡೂ ಚುರುಕು. ಬ್ರೆಜಿಲ್ ಸಂಯೋಜಕ ವಿಲ್ಲಾ-ಲೋಬೋಸ್ 1924ರಲ್ಲಿ ತಮ್ಮ ‘ಶೋರೊ’ ಸರಣಿಯ ಎರಡನೆಯ ಕೃತಿಯನ್ನು ಇವೆರಡಕ್ಕೇ ಬರೆದರು. ಕೆಲವೇ ನಿಮಿಷದ ಕೃತಿಯಲ್ಲಿ ಈ ಜೋಡಿ ಎಷ್ಟು ಹೊರಬಲ್ಲದು ಎಂಬುದಕ್ಕೆ ಅದು ಒಳ್ಳೆಯ ಪಾಠ.

ಆದರೆ ಈ ಜೋಡಿಯ ಹೊಟ್ಟೆಯಲ್ಲೊಂದು ಜಗಳವಿದೆ. ಜೋರಾಗಿ ಊದಿದಾಗ ಫ್ಲೂಟಿನ ಶ್ರುತಿ ಏರುತ್ತದೆ, ಮೆಲ್ಲಗಾದಾಗ ಇಳಿಯುತ್ತದೆ. ಕ್ಲಾರಿನೆಟ್ ಇದರ ತದ್ವಿರುದ್ಧ: ಜೋರಾದಾಗ ಇಳಿಯುತ್ತದೆ, ಮೆಲ್ಲಗಾದಾಗ ಏರುತ್ತದೆ. ಒಂದು ಪ್ರಯೋಗ ಮಾಡಿ. ಇಬ್ಬರಿಗೂ ಎ4 ಕೊಟ್ಟು, ಅತಿ ಮೆಲ್ಲಗೆ ಶುರುಮಾಡಿ ನಾಲ್ಕು ಬಾರ್‌ಗಳಲ್ಲಿ ಪೂರ್ತಿ ಜೋರಿಗೆ ಏರಲು ಹೇಳಿ. ಶುರುವಿನಲ್ಲಿ ಫ್ಲೂಟ್ ಕೆಳಗೆ, ಕ್ಲಾರಿನೆಟ್ ಮೇಲೆ. ನಡುವೆ ಎಲ್ಲೋ ಒಂದು ಕ್ಷಣ ಎರಡೂ ಕೂಡುತ್ತವೆ, ಅಲ್ಲಿಯವರೆಗೆ ಅಲೆಯಲೆಯಾಗಿದ್ದ ನಾದ ನಯವಾಗುತ್ತದೆ. ಕೊನೆಗೆ ಅದಲುಬದಲು, ಮತ್ತೆ ಅಲೆ. ಪಳಗಿದ ವಾದಕರು ತುಟಿಯಿಂದ ಇದನ್ನು ಸರಿದೂಗಿಸುತ್ತಾರೆ, ಆದರೆ ಅವರ ಗಮನವೆಲ್ಲ ಅದಕ್ಕೇ ಖರ್ಚಾಗುತ್ತದೆ. ಬರೆಯುವವರ ಕೈಯಲ್ಲಿ ಎರಡು ಉಪಾಯಗಳಿವೆ: ಏಕಸ್ವರದಲ್ಲಿ ಇಬ್ಬರ ಜೋರನ್ನೂ ಬದಲಿಸದೆ ಇಡುವುದು, ಇಲ್ಲವೇ ಏರಿಕೆಯನ್ನು ಒಬ್ಬರಿಗೆ ಮಾತ್ರ ಕೊಟ್ಟು ಇನ್ನೊಬ್ಬರನ್ನು ನಡುವೆ ಸುಮ್ಮನಿರಿಸುವುದು. ಅಲೆಯೇ ನಿಮಗೆ ಬೇಕಾದ ಪರಿಣಾಮವಾದರೆ, ಸ್ವರಲಿಪಿಯಲ್ಲಿ ‘ಶ್ರುತಿ ಸರಿಮಾಡಬೇಡಿ’ ಎಂದು ಒಂದು ಸಾಲು ಬರೆಯದೆ ಅದು ಸಿಗುವುದಿಲ್ಲ. ವಾದಕರಿಗೆ ಸರಿಮಾಡುವುದೇ ಅಭ್ಯಾಸ.

ಪ್ರಯೋಗಕ್ಕೆ ಎ4 ಹೇಳಿದ್ದಕ್ಕೂ ಕಾರಣವಿದೆ. ಕ್ಲಾರಿನೆಟ್‌ನಲ್ಲಿ ಇದು ಬರೆಯುವಾಗ ಬಿ4. ಅದಕ್ಕೆ ರಂಧ್ರಗಳೆಲ್ಲ ಮುಚ್ಚಿ ಕೊಳವೆ ಪೂರ್ತಿ ಉದ್ದಕ್ಕೆ ನುಡಿಯುತ್ತದೆ, ನಾದ ತುಂಬಿಕೊಂಡಿರುತ್ತದೆ. ಅದಕ್ಕಿಂತ ಬರೀ ಅರ್ಧ ಸ್ವರ ಕೆಳಗೆ, ಎ-ಫ್ಲ್ಯಾಟ್‌ಗೆ ಇಳಿಯಿರಿ: ಬೆರಳುಗಳೆಲ್ಲ ಮೇಲೆದ್ದು, ಕೊಳವೆಯ ಗೇಣುದ್ದದ ಮೇಲ್ತುದಿ ಮಾತ್ರ ನುಡಿಯುತ್ತದೆ, ನಾದ ಮಂಕು. ಎಫ್4ರಿಂದ ಎ-ಫ್ಲ್ಯಾಟ್4ರವರೆಗಿನ ಈ ‘ಗಂಟಲಿನ ಸ್ವರ’ಗಳು ಕ್ಲಾರಿನೆಟ್‌ನ ಬಡ ಪ್ರದೇಶ. ಇಲ್ಲಿಂದ ಎ4ಕ್ಕೆ ಹಾರುವ ಗಡಿಯನ್ನು ವಾದಕರು ‘ಬ್ರೇಕ್’ ಎನ್ನುತ್ತಾರೆ. ಈ ಗಡಿಯ ಮೇಲೆ ಹಿಂದೆ ಮುಂದೆ ಓಡಾಡುವ ವೇಗದ ಟ್ರಿಲ್ (ಎರಡು ಸ್ವರಗಳ ನಡುವಿನ ಬಿರುಸಿನ ಅದಲುಬದಲು) ಬರೆದರೆ ಹೆಚ್ಚುಕಮ್ಮಿ ಎಲ್ಲ ಬೆರಳೂ ಒಟ್ಟಿಗೆ ಏಳಬೇಕು, ಕೂರಬೇಕು. ಫ್ಲೂಟಿನ ಎಫ್4–ಎ-ಫ್ಲ್ಯಾಟ್4 ಕೂಡ ದುರ್ಬಲವೇ ಆದ್ದರಿಂದ ಎರಡು ಬಡವರನ್ನು ಅಲ್ಲಿ ಕೂಡಿಸಿದರೆ ಒಂದು ಚೆಂದದ ಮಸುಕು ಬಣ್ಣ ಹುಟ್ಟುತ್ತದೆ. ಮೆಲ್ಲನೆಯ ಭಾಗಕ್ಕೆ ಇದನ್ನು ಬಚ್ಚಿಟ್ಟುಕೊಳ್ಳಿ. ತಾರಕಕ್ಕೇರಬೇಕಾದ ಕಡೆ ಇಟ್ಟರೆ ಏನೂ ಏರುವುದಿಲ್ಲ.

ಸಮತೋಲಕ್ಕೆ ಒಂದು ಸುಲಭ ಸೂತ್ರ: ಕ್ಲಾರಿನೆಟ್ ಫ್ಲೂಟಿನ ಕೆಳಗೆ ಇದ್ದಾಗ ಫ್ಲೂಟ್ ಡಿ5ರಿಂದ ಮೇಲಿರಲಿ. ಕ್ಲಾರಿನೆಟ್ ಮೇಲೆ, ಫ್ಲೂಟ್ ಕೆಳಗೆ ಇಡುವುದಾದರೆ ಕ್ಲಾರಿನೆಟ್‌ಗೆ ಎರಡು ಹಂತ ಮೆಲ್ಲಗಿನ ಗುರುತು ಬರೆಯಿರಿ. ಕ್ಲಾರಿನೆಟ್ ಅಷ್ಟು ಮೆಲ್ಲಗಾಗಬಲ್ಲದು ಎಂಬುದೇ ಈ ಜೋಡಿಯ ದೊಡ್ಡ ಪುಣ್ಯ.

ಫ್ಲೂಟ್ ಮತ್ತು ಓಬೋ

ವ್ಯಾಪ್ತಿ ಹೆಚ್ಚುಕಮ್ಮಿ ಒಂದೇ (ಓಬೋ ಬಿ-ಫ್ಲ್ಯಾಟ್3ರಿಂದ ಜಿ6ರ ಆಸುಪಾಸು), ಆದರೆ ಬಲಾಬಲ ತಲೆಕೆಳಗು. ಓಬೋ ಕೆಳಗೆ ಗಟ್ಟಿ, ಮೇಲೆ ಹೋದಂತೆ ತೆಳು. ಫ್ಲೂಟ್ ಕೆಳಗೆ ತೆಳು, ಮೇಲೆ ಗಟ್ಟಿ. ಎ5ರ ಆಸುಪಾಸಿನಲ್ಲಿ ತಕ್ಕಡಿ ಸಮ. ಎರಡನ್ನೂ ಸಿ4–ಜಿ4ರಲ್ಲಿ ಇಟ್ಟರೆ ಫ್ಲೂಟ್ ಇದೆ ಎಂಬುದೇ ಗೊತ್ತಾಗುವುದಿಲ್ಲ, ವಾದಕರು ಎಷ್ಟೇ ಊದಿದರೂ. ಸ್ವರಲಿಪಿಯಲ್ಲಿ ಫ್ಲೂಟಿಗೆ ಫೋರ್ಟೆ (ಜೋರಿನ ಗುರುತು) ಬರೆದು ಪರಿಹಾರವಾಯಿತು ಅಂದುಕೊಳ್ಳುವುದು ಮಾಮೂಲಿ ತಪ್ಪು. ಆ ಪ್ರದೇಶದಲ್ಲಿ ಫ್ಲೂಟಿಗೆ ಫೋರ್ಟೆ ಎಂಬುದೇ ಇಲ್ಲ.

ಮಾತುಕತೆಯ ಯುಗಳಕ್ಕೆ ಇದು ಒಳ್ಳೆಯ ಜೋಡಿ, ಕರಗುವ ಯುಗಳಕ್ಕೆ ಅಷ್ಟಕ್ಕಷ್ಟೆ. ಓಬೋದಿಂದ ಅತಿ ಮೆಲ್ಲಗೆ ಬಿ-ಫ್ಲ್ಯಾಟ್3–ಡಿ4ರಲ್ಲಿ ಕೃತಿ ಶುರುಮಾಡಬೇಡಿ. ರೀಡ್ ನುಡಿಯಲು ತಡವರಿಸುತ್ತದೆ, ಆಮೇಲೆ ಬಾತುಕೋಳಿಯಂತೆ ಒಮ್ಮೆಲೇ ಕೂಗುತ್ತದೆ. ಫ್ಲೂಟ್ ಮೊದಲು ಬರಲಿ, ಓಬೋ ಎಫ್4ರ ಮೇಲೆಲ್ಲಾದರೂ ಅದರ ನೆರಳಲ್ಲಿ ಸೇರಲಿ. ಅರ್ಜೆಂಟೀನಾದ ಸಂಯೋಜಕ ಹಿನಾಸ್ಟೆರಾ 1945ರಲ್ಲಿ ಈ ಜೋಡಿಗೊಂದು ಡ್ಯುಯೊ (ಯುಗಳ) ಬರೆದಿದ್ದಾರೆ. ಸ್ವರಲಿಪಿ ಸಿಕ್ಕರೆ ಯಾವ ವಾದ್ಯ ಯಾವ ಎತ್ತರದಲ್ಲಿದೆ ಎಂಬುದನ್ನಷ್ಟೇ ಗುರುತು ಮಾಡಿಕೊಳ್ಳುತ್ತಾ ಒಮ್ಮೆ ಓದಿ.

ಬಸೂನ್ ಜೊತೆಗಿನ ಜೋಡಿಗಳು

ಕೆಳಗೊಂದು ನೆಲ ಬೇಕು ಎನ್ನುವವರು ಬಸೂನಿಗೆ ಬರುತ್ತಾರೆ. ಬಿ-ಫ್ಲ್ಯಾಟ್1ರಿಂದ ಇ5ರವರೆಗಿನ ಮೂರು ಸ್ಥಾಯಿ ಮೀರಿದ ವ್ಯಾಪ್ತಿ ಇದೆ. ಅದನ್ನು ಬರೀ ನೆಲವಾಗಿ ಬಳಸಿದರೆ ಮಾತ್ರ ಮೂರನೆಯ ವಾದ್ಯ ಬರಲು ಮರೆತಂತೆ ಕೇಳುತ್ತದೆ. ಫ್ಲೂಟ್–ಬಸೂನ್ ಜೋಡಿಯಲ್ಲಿ ಈ ಅಪಾಯ ಹೆಚ್ಚು: ಫ್ಲೂಟ್ ಜಿ6, ಬಸೂನ್ ಸಿ2, ನಡುವೆ ನಾಲ್ಕು ಸ್ಥಾಯಿಯ ಬಯಲು. ಒಂದೆರಡು ಬಾರ್ ಅದು ವಿಶಾಲ ಎನಿಸುತ್ತದೆ, ಎಂಟು ಬಾರ್ ಆದರೆ ಖಾಲಿ. ವಿಲ್ಲಾ-ಲೋಬೋಸ್ ತಮ್ಮ ಇನ್ನೊಂದು ಸರಣಿಯಲ್ಲಿ, 1938ರ ಆರನೆಯ ಬಾಕಿಯಾನಸ್‌ಗೆ ಇದೇ ಜೋಡಿಯನ್ನು ಇಟ್ಟುಕೊಂಡರು. ಬಸೂನ್ ಕೆಳಗೆ ಇಳಿಯುವುದು ಎಷ್ಟು ಮುಖ್ಯವೋ, ಎಫ್3–ಎ4ರ ಮೇಲುಭಾಗಕ್ಕೆ ಏರಿ ಫ್ಲೂಟಿನ ಪಕ್ಕ ಹಾಡುವುದೂ ಅಷ್ಟೇ ಮುಖ್ಯ.

ಕ್ಲಾರಿನೆಟ್–ಬಸೂನ್ ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿಗಳಿರುವ ಜೋಡಿ. ಪುಲಾಂಕ್ 1922ರಲ್ಲಿ ಇದಕ್ಕೂ ಒಂದು ಸೊನಾಟಾ ಬರೆದರು. ಕ್ಲಾರಿನೆಟ್‌ನ ಮಂದ್ರವನ್ನು ಕೆಳಗಿಟ್ಟು, ಬಸೂನನ್ನು ಅದರ ಮೇಲೆ ಡಿ4ರ ಸುತ್ತ ಹಾಡಿಸಿ ನೋಡಿ. ಯಾರು ಯಾರೆಂದು ಕೇಳುಗರಿಗೆ ತಬ್ಬಿಬ್ಬು. ಕರಗಬೇಕಾದಾಗ ಕರಗುತ್ತದೆ, ಬೇರ್ಪಡಬೇಕಾದಾಗ ಬಸೂನ್ ಮಂದ್ರದಲ್ಲಿ ಚುಟುಕಾಗಿ ಕುಟ್ಟುತ್ತದೆ, ಕ್ಲಾರಿನೆಟ್ ಮೇಲೆ ಜಾರುತ್ತದೆ. ಒಂದೇ ಕೊರತೆ: ಬಸೂನಿನ ತಳದ ನಾಲ್ಕೈದು ಸ್ವರಗಳು ಮೆಲ್ಲಗೆ ಬರುವುದಿಲ್ಲ. ಕೊನೆಯ ಸ್ವರ ಬಿ-ಫ್ಲ್ಯಾಟ್1ನ್ನು ಕೇಳಿಯೂ ಕೇಳದಂತೆ ನುಡಿಸಿ ಎಂದು ಬರೆದವರಿಗೆ ಪ್ರತಿ ಅಭ್ಯಾಸದಲ್ಲೂ ಬೇರೆ ಬೇರೆ ಅಂತ್ಯ ಸಿಗುತ್ತದೆ. ಆ ಕೆಲಸ ಕ್ಲಾರಿನೆಟ್‌ನ ಡಿ3ಕ್ಕೆ ಕೊಡಿ.

ಓಬೋ–ಬಸೂನ್ ಎರಡೂ ಜೋಡಿ ರೀಡಿನವು (ಎರಡು ಪಟ್ಟಿ ಸೇರಿಸಿ ಕಟ್ಟಿದ ರೀಡ್), ನಾದ ಒಂದೇ ಮನೆಯದು, ಎರಡಕ್ಕೂ ಮಂದ್ರದ ಮೆಲ್ಲನೆಯ ಆರಂಭ ಕಷ್ಟ. ಒಣ, ಚುರುಕು, ಚುಚ್ಚುವ ಬರವಣಿಗೆಗೆ ಸೈ.

ಸ್ಯಾಕ್ಸೊಫೋನನ್ನು ಇನ್ನೊಂದು ಸ್ಯಾಕ್ಸೊಫೋನ್ ಜೊತೆಗೆ ಅಥವಾ ಕ್ಲಾರಿನೆಟ್ ಜೊತೆಗೆ ಇಡಿ. ಫ್ಲೂಟಿನ ಜೊತೆ ಇಟ್ಟರೆ ಫ್ಲೂಟಿಗೆ ಕನಿಕರ ತೋರಿಸುವುದೇ ಕೆಲಸವಾಗುತ್ತದೆ. ಫ್ಲೂಟ್–ಬಾಸ್ ಕ್ಲಾರಿನೆಟ್ ಮಾತ್ರ ಹೊಸ ಬರವಣಿಗೆಯಲ್ಲಿ ಬೇರೂರಿದ ಜೋಡಿ, ಯಾಕೆಂದರೆ ಬಾಸ್ ಕ್ಲಾರಿನೆಟ್ ತಳದಲ್ಲೂ ಪಿಸುಗುಡಬಲ್ಲದು. ವಾದಕರ ವಾದ್ಯದಲ್ಲಿ ಬರೆಯುವ ಸಿವರೆಗೂ ಇಳಿಯುವ ಕೀಲಿಗಳಿವೆಯೇ ಎಂದು ಮೊದಲೇ ಕೇಳಿ. ಇದ್ದರೆ ಬಿ-ಫ್ಲ್ಯಾಟ್1ವರೆಗೆ, ಇಲ್ಲದಿದ್ದರೆ ಡಿ-ಫ್ಲ್ಯಾಟ್2ಕ್ಕೇ ನಿಂತಿತು.

ಹೊಸ ಬಗೆಯ ನಾದಗಳು ಯಾವ ಜೋಡಿಗೆ ಒಗ್ಗುತ್ತವೆ

ನಾಲ್ಕು ನಿಮಿಷಕ್ಕೆ ಎರಡು ಬಗೆ ಸಾಕು, ಮೂರು ಹೆಚ್ಚೇ. ಪ್ರತಿ ಬಾರ್‌ಗೊಂದು ಹೊಸ ಸದ್ದು ಬಂದರೆ ಅದು ಮಾದರಿ ತೋರಿಸುವ ಪಟ್ಟಿಯಾಗುತ್ತದೆ.

ಬಹುಸ್ವರಗಳು, ಅಂದರೆ ವಿಶೇಷ ಬೆರಳಿಕೆಯಿಂದ ಒಂದೇ ವಾದ್ಯದಲ್ಲಿ ಎರಡು ಮೂರು ಸ್ವರ ಒಟ್ಟಿಗೆ ಹೊರಡಿಸುವುದು, ಓಬೋ ಮತ್ತು ಬಸೂನಿನಲ್ಲಿ ಗಟ್ಟಿಯಾಗಿ, ಒರಟಾಗಿ ಬರುತ್ತವೆ. ಫ್ಲೂಟಿನಲ್ಲಿ ಬಹುಪಾಲು ಮೆಲ್ಲಗೆ, ಗಾಜಿನಂತೆ. ಕ್ಲಾರಿನೆಟ್‌ನಲ್ಲಿ ಎರಡು ಬಗೆಯೂ ಉಂಟು. ಹಾಗಾಗಿ ಫ್ಲೂಟ್–ಓಬೋ ಬಹುಸ್ವರಗಳು ಒಂದಕ್ಕೊಂದು ತೂಗುವುದಿಲ್ಲ, ಫ್ಲೂಟ್–ಕ್ಲಾರಿನೆಟ್ ತೂಗುತ್ತವೆ. ಪ್ರತಿಯೊಂದಕ್ಕೂ ಬೆರಳಿಕೆಯ ಚಿತ್ರ ಬರೆಯಿರಿ. ನಾದ ಕೂರಲು ಎರಡು ಮೂರು ಸೆಕೆಂಡ್ ಬಿಡಿ. ಜರ್ಮನ್ ಪದ್ಧತಿಯ ಕ್ಲಾರಿನೆಟ್‌ಗೆ ಫ್ರೆಂಚ್ ಪದ್ಧತಿಯ ಬೆರಳಿಕೆ ಕೊಟ್ಟರೆ ಬೇರೇನೋ ಬರುತ್ತದೆ, ಬಸೂನಿಗೂ ಅಷ್ಟೆ. ಬರೆಯುವ ಮುಂಚೆ ವಾದಕರನ್ನು ಕೇಳುವುದೇ ದಾರಿ.

ಕಾಲು ಸ್ವರಗಳಿಗೆ (ಅರ್ಧ ಸ್ವರದ ಅರ್ಧ) ರಂಧ್ರ ತೆರೆದ ಕೀಲಿಗಳ ಫ್ಲೂಟ್ ಬೇಕು. ಮುಚ್ಚಿದ ಕೀಲಿಗಳದ್ದರಲ್ಲಿ ಅರ್ಧದಷ್ಟು ಸಿಗುವುದಿಲ್ಲ. ಕ್ಲಾರಿನೆಟ್‌ನ ತಳದ ಸ್ವರಗಳಲ್ಲಿ ಕಾಲು ಸ್ವರ ಬೆರಳಿಗೆ ದಕ್ಕುವುದಿಲ್ಲ, ಮೇಲೆ ಧಾರಾಳ. ಫ್ಲೂಟಿನಲ್ಲಿ ನಾಲಿಗೆಯಿಂದ ಬಾಯಿರಂಧ್ರ ಬಡಿಯುವ ‘ಟಂಗ್ ರ‍್ಯಾಮ್’ ಬೆರಳಿಟ್ಟ ಸ್ವರಕ್ಕಿಂತ ಏಳನೆಯ ಮೆಟ್ಟಿಲು ಕೆಳಗೆ ಕೇಳುತ್ತದೆ: ಬೆರಳು ಸಿ4, ಸದ್ದು ಸಿ-ಶಾರ್ಪ್3. ಬಾಸ್ ಕ್ಲಾರಿನೆಟ್‌ನ ‘ಸ್ಲ್ಯಾಪ್’ (ನಾಲಿಗೆಯಿಂದ ರೀಡನ್ನು ಸೆಳೆದು ಬಿಡುವ ಪೆಟ್ಟಿನ ಸದ್ದು) ಜೊತೆ ಇದು ಅಚ್ಚುಕಟ್ಟಾಗಿ ಬೆಸೆಯುತ್ತದೆ. ಕೀಲಿಗಳ ಟಕಟಕ ಸದ್ದು ಇನ್ನೊಬ್ಬರು ಸುಮ್ಮನಿದ್ದಾಗ ಮಾತ್ರ ಕೇಳುತ್ತದೆ, ಯಾವ ಜೋಡಿಯಾದರೂ.

ನಾಲಿಗೆಯ ವೇಗವನ್ನೂ ಹೋಲಿಸಿ. ಒಂದು ಬಡಿತಕ್ಕೆ ನಾಲ್ಕು ಬಿಡಿಸಿದ ಸ್ವರ, ನಿಮಿಷಕ್ಕೆ 132 ಬಡಿತ: ಫ್ಲೂಟ್ ಎರಡು ನಾಲಿಗೆಯಲ್ಲಿ (‘ತ–ಕ’ ಎಂದು ನಾಲಿಗೆಯ ತುದಿ, ಹಿಂಭಾಗ ಎರಡನ್ನೂ ಬಳಸುವುದು) ನಗುತ್ತಾ ನುಡಿಸುತ್ತದೆ, ರೀಡ್ ವಾದ್ಯಗಳಲ್ಲಿ ಅನೇಕರು 120ರ ಆಸುಪಾಸಿನಲ್ಲೇ ಬಿಗಿಯಾಗುತ್ತಾರೆ. ಇಬ್ಬರೂ ಒಟ್ಟಿಗೆ ಓಡಬೇಕಾದರೆ ಎರಡು ಕಟ್ಟಿ ಎರಡು ಬಿಡಿಸುವ ಹಾಗೆ ಬರೆಯಿರಿ.

ಹನ್ನೆರಡು ಬಾರ್‌ನ ಪರೀಕ್ಷೆ

ಎರಡು ಜೋಡಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ಕೃತಿ ಬರೆಯಲು ಕೂರಬೇಡಿ, 12 ಬಾರ್ ಮಾತ್ರ ಬರೆಯಿರಿ. ಮೊದಲ ಮೂರು ಬಾರ್ ಏಕಸ್ವರ, ಮೆಲ್ಲನೆಯ ಆರಂಭದಿಂದ. ಮುಂದಿನ ಮೂರು ಎರಡು ಸ್ಥಾಯಿ ಅಂತರದಲ್ಲಿ. ಮತ್ತೆ ಮೂರರಲ್ಲಿ ಗೆರೆಗಳು ದಾಟಲಿ. ಕೊನೆಯ ಮೂರು ಬಾರ್ ಒಬ್ಬರು ಬಿಟ್ಟ ಸ್ವರವನ್ನು ಇನ್ನೊಬ್ಬರು ಹಿಡಿಯುವ ಆಟ. ಇದನ್ನು ಎರಡೂ ಜೋಡಿಗಳಿಂದ ನುಡಿಸಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಕಂಪ್ಯೂಟರಿನ ನೊಟೇಷನ್ ತಂತ್ರಾಂಶ ನುಡಿಸಿದ್ದನ್ನು ನಂಬಬೇಡಿ: ಅದರಲ್ಲಿ ಫ್ಲೂಟಿನ ಸಿ4 ಬಸೂನಿನಷ್ಟೇ ಗಟ್ಟಿ, ಯಾರಿಗೂ ಉಸಿರು ಬೇಕಿಲ್ಲ, ಶ್ರುತಿ ಎಂದೂ ಜಾರುವುದಿಲ್ಲ.

ಜೋಡಿ ಗೊತ್ತಾದ ಮೇಲೆ ಕಾಗದದ ಕೆಲಸ. ಯುಗಳದಲ್ಲಿ ಇಬ್ಬರೂ ಪೂರ್ಣ ಸ್ವರಲಿಪಿಯಿಂದಲೇ ನುಡಿಸಿದರೆ ಒಳ್ಳೆಯದು, ಬಿಡಿ ಭಾಗಗಳಿಂದಲ್ಲ; ಇನ್ನೊಬ್ಬರು ಎಲ್ಲಿದ್ದಾರೆಂದು ಕಣ್ಣಿಗೆ ಕಾಣುತ್ತದೆ. ಕ್ಲಾರಿನೆಟ್ ಇದ್ದರೆ ಆ ಸಾಲು ಅವರು ಓದುವ ಸ್ವರದಲ್ಲೇ, ಅಂದರೆ ಕೇಳುವುದಕ್ಕಿಂತ ಒಂದು ಪೂರ್ಣ ಸ್ವರ ಮೇಲೆ ಇರಲಿ, ಮೊದಲ ಪುಟದಲ್ಲಿ ಹಾಗೆಂದು ಬರೆದಿರಲಿ. ವಾದ್ಯ ಬದಲಿಸುವುದಿದ್ದರೆ, ಫ್ಲೂಟಿನಿಂದ ಪಿಕೊಲೊಗೆ ಎನ್ನಿ, ಹತ್ತು ಸೆಕೆಂಡಿನ ವಿರಾಮ ಬೇಕು. 72ರ ನಡೆಯಲ್ಲಿ ಅದು ಮೂರು ಬಾರ್, ಆ ಹೊತ್ತು ಇನ್ನೊಬ್ಬರು ಒಂಟಿಯಾಗಿ ಏನು ನುಡಿಸುತ್ತಾರೆಂದು ಮೊದಲೇ ಯೋಚಿಸಿರಬೇಕು. ಪುಟ ತಿರುಗಿಸುವ ಜಾಗದಲ್ಲಿ ಇಬ್ಬರ ಕೈಯೂ ತುಂಬಿದ್ದರೆ ಒಬ್ಬರಿಗಾದರೂ ಎರಡು ಬಡಿತ ಬಿಡುವು ಮಾಡಿಕೊಡಿ, ಇಲ್ಲವೇ ನಾಲ್ಕು ಪುಟವನ್ನೂ ಅಂಟಿಸಿ ಎರಡು ಸ್ಟ್ಯಾಂಡ್ ಮೇಲೆ ಹರಡಿ.